ಹನ್ನೆರಡು ರೂಪಾಯಿಯ ಮಾತ್ರೆ

ಭೀಮಮ್ಮ ಬಾಗಿಲು ತಟ್ಟಿದಳು. ಒಳಗಿನಿಂದ ಸದ್ದಿಲ್ಲ. ಮತ್ತೆ ತಟ್ಟಿದಳು.

ಭಾನುವಾರ ಬೆಳಗ್ಗೆ. ಡೊಂಬಿವಲಿ ಪೂರ್ವದ ಹಳೆಯ ಸೊಸೈಟಿ, ಎರಡನೆಯ ಮಾಳಿಗೆ. ಭೀಮಮ್ಮ ಈ ಮನೆಯ ಪಾತ್ರೆ ತೊಳೆಯುವವಳು. ಅವಳು ಬರುವಷ್ಟರಲ್ಲಿ ಮನೆಯೊಡತಿ ವನಮಾಲಾ ಬಾಗಿಲು ತೆರೆದಿಟ್ಟು ಚಹಾ ಕುದಿಸುತ್ತಿರುವುದು ರೂಢಿ. ಎದುರು ಮನೆಯ ಸುಗುಣಾ ಬಳಿ ಒಂದು ಚಾವಿ ಇತ್ತು. ಇಬ್ಬರೂ ಒಳಗೆ ಹೋದರು.

ವನಮಾಲಾ ಹಾಸಿಗೆಯ ಮೇಲೆ ಓರೆಯಾಗಿ ಬಿದ್ದಿದ್ದರು. ಮೈಯೆಲ್ಲ ಬೆವರು. ದಿಂಬು ಹಿಂಡಿದರೆ ನೀರು ಬರುವಷ್ಟು ಒದ್ದೆ. ಕಣ್ಣು ಅರ್ಧ ತೆರೆದಿತ್ತು, ಯಾರನ್ನೂ ನೋಡುತ್ತಿರಲಿಲ್ಲ. ಉಸಿರು ಮಾತ್ರ ಇತ್ತು, ಗೊರಗೊರ ಎನ್ನುತ್ತ.

ರಿಕ್ಷಾದಲ್ಲಿ ಹಾಕಿಕೊಂಡು ಹತ್ತಿರದ ನರ್ಸಿಂಗ್ ಹೋಮಿಗೆ ಓಡಿದರು. ಬೆರಳು ಚುಚ್ಚಿ ನೋಡಿದ ನರ್ಸ್, ಯಂತ್ರ ಕೆಟ್ಟಿರಬೇಕೆಂದು ಇನ್ನೊಂದು ಯಂತ್ರ ತಂದಳು. ಅದೂ ಅದನ್ನೇ ಹೇಳಿತು. ರಕ್ತದಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ಗ್ಲೂಕೋಸ್ ಏರಿಸಿದರು. ತಡವಾಗಿತ್ತು. ರಾತ್ರಿಯಿಡೀ ಸಕ್ಕರೆ ಸಿಗದ ಮಿದುಳು ಅಷ್ಟರಲ್ಲೇ ಸೋತಿತ್ತು. ಮಧ್ಯಾಹ್ನದೊಳಗೆ ವನಮಾಲಾ ತೀರಿಕೊಂಡರು.

ಡಾಕ್ಟರ್ ಪೊಲೀಸರಿಗೆ ಫೋನ್ ಮಾಡಿದರು.

"ಸಕ್ಕರೆ ಕಾಯಿಲೆಯವರು ಹೀಗೆ ಹೋಗುವುದುಂಟೇನ್ರಿ?" ಪಿಎಸ್‌ಐ ಸುಲೋಚನಾ ಕೇಳಿದಳು. ಅಕ್ಕಲಕೋಟೆ ಕಡೆಯ ಹೆಂಗಸು. ಮಾತು ಕಡಿಮೆ. ಕೇಳಿದ ಮೇಲೆ ಉತ್ತರಕ್ಕೆ ಕಾಯುವ ಅಭ್ಯಾಸ.

"ಉಂಟು. ಸಕ್ಕರೆ ಇಳಿಸುವ ಮಾತ್ರೆ ತಿಂದು ಊಟ ಬಿಟ್ಟರೆ ಹೀಗಾಗಬಹುದು. ನಿಮ್ಮ ಕನ್ನಡದವರಲ್ಲಿ ಇನ್ನೊಂದು ರೀತಿ ನೋಡುತ್ತೇನೆ. ಊರಿನ ಡಾಕ್ಟರ್ ಒಂದು ಹೆಸರಿನ ಮಾತ್ರೆ ಬರೆಯುತ್ತಾರೆ, ಇಲ್ಲಿಯವರು ಇನ್ನೊಂದು ಹೆಸರಿನದು. ಒಳಗಿನ ಮದ್ದು ಒಂದೇ. ಪಾಪ, ಇವರು ಎರಡನ್ನೂ ತಿನ್ನುತ್ತಾರೆ."

"ಅಂದರೆ ಆಕಸ್ಮಿಕ?"

ಡಾಕ್ಟರ್ ಹೆಗಲು ಕುಣಿಸಿದರು. "ಅದು ನಿಮ್ಮ ಕೆಲಸ ಮೇಡಂ."

* * *

ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ನೀರಿನ ಲೋಟ. ಅದರಡಿ ಒಂದು ಕಾಗದದ ಲಕೋಟೆ: 'ಆರೋಗ್ಯ ಜನರಿಕ್, ಸ್ಟೇಷನ್ ರಸ್ತೆ'. ಲಕೋಟೆಯ ಮೇಲೆ ಒಂದು ಮಾತ್ರೆ ಪಟ್ಟಿ. ಬಿಳಿಯ ದುಂಡು ಮಾತ್ರೆಗಳು. ಕೆಲವು ಗುಳಿಗಳು ಖಾಲಿ.

ಹವಾಲ್ದಾರ್ ಸುನಿಲ ಓದಿದ. "ಗ್ಲಿಮೆಪಿರೈಡ್. ಸಕ್ಕರಿ ಗುಳಿಗಿ. ಮ್ಯಾಡಂ, ಕೇಸ್ ಸಿಂಪಲ್ ಐತ್ರಿ. ಸಸ್ತಾ ಮಾಲು ತಿಂದು ಹೋಗ್ಯಾಳ ಮುದುಕಿ."

"ನಿಮ್ಮವ್ವಗೂ ಮುದುಕಿ ಅಂತೀಯೇನು?"

ಸುನಿಲ ಪಟ್ಟಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದ.

ಹೊರಗಿನ ಕೋಣೆಯಲ್ಲಿ ಕೌಶಲ್ ತಲೆ ಹಿಡಿದು ಕೂತಿದ್ದ. ವನಮಾಲಾ ಅವರ ಗಂಡನ ಅಕ್ಕನ ಮಗ. ತಾಯಿ ಸತ್ತ ಮೇಲೆ ಇದೇ ಮನೆಯಲ್ಲಿ ಬೆಳೆದವನು. ಗಂಡ ಹೋದ ನಂತರ ವನಮಾಲಾಗೆ ಉಳಿದದ್ದು ಇವನೊಬ್ಬನೇ. ಔಷಧ ಕಂಪನಿಯೊಂದರ ರೆಪ್ರೆಸೆಂಟೇಟಿವ್. ಇಸ್ತ್ರಿ ಮುರಿಯದ ಅಂಗಿ, ಡಾಕ್ಟರುಗಳ ಬಾಗಿಲಲ್ಲಿ ಕಾದು ಕಾದು ಬಂದ ನಯವಾದ ಸ್ವರ.

"ಬೆಳಿಗ್ಗೆ ಬೇಗ ಖಾರಘರಕ್ಕೆ ಹೋದೆ ಮ್ಯಾಡಂ. ನಾನು ಮದುವೆಯಾಗುವ ಹುಡುಗಿ ಮನೆಯವರು ಕರೆದಿದ್ದರು. ಮಾಮಿ ಮಲಗಿದ್ದರು. ಎಬ್ಬಿಸಲಿಲ್ಲ." ಅವನು ಒಳಗಿನ ಕೋಣೆಯ ಕಡೆ ನೋಡಿದ. "ಎಬ್ಬಿಸಬೇಕಿತ್ತು."

"ಸಕ್ಕರೆ ಮಾತ್ರೆ ಯಾವುದು ತಗೋತಿದ್ರು?"

"ನಮ್ಮ ಕಂಪನಿದೇ. ಶುಗನಾರ್ಮ್. ಡಾಕ್ಟರಿಗೆ ಕೊಡುವ ಸ್ಯಾಂಪಲ್ ಇರ್ತದಲ್ಲ, ನಾನೇ ತಂದು ಕೊಡ್ತಿದ್ದೆ. ಹಸಿರು ಮಾತ್ರೆ. ಈಚೆಗೆ ಸ್ಟೇಷನ್ ರಸ್ತೆಯ ಆ ಪ್ರಣೀತಾಳ ಜನರಿಕ್ ಅಂಗಡಿಗೆ ಹೋಗುವ ಚಟ ಹತ್ತಿತ್ತು. ಬಿಪಿದು, ಗ್ಯಾಸಿಂದು, ಎಲ್ಲ ಅಲ್ಲೇ. ಎಷ್ಟು ಸಲ ಹೇಳಿದೆ! ಸಸ್ತಾ ಮಾಲಿಗೆ ಗ್ಯಾರಂಟಿ ಇಲ್ಲ ಮಾಮೀ ಅಂತ. ಕೇಳಬೇಕಲ್ಲ? 'ಹನ್ನೆರಡು ರೂಪಾಯಿಗೆ ಇಡೀ ಪಟ್ಟಿ ಸಿಕ್ಕಿತು, ನಿಮ್ಮ ಕಂಪನಿಯವರು ದರೋಡೆಕೋರರು' ಅಂತ ನನಗೇ ನಗಾಡಿದರು."

"ಯಾವಾಗ?"

"ಶುಕ್ರವಾರ." ಅವನು ಮುಖ ಎತ್ತಿದ. "ಹನ್ನೆರಡು ರೂಪಾಯಿ ಮ್ಯಾಡಂ. ಅಷ್ಟಕ್ಕೆ ಜೀವ ಹೋಯ್ತು."

* * *

ಸೋಮವಾರ ಬೆಳಗ್ಗೆ ಸ್ಟೇಷನ್ ರಸ್ತೆಯ ಆ ಅಂಗಡಿಯ ಶಟರಿಗೆ ಔಷಧ ಇಲಾಖೆಯ ಸೀಲು ಬಿದ್ದಿತ್ತು. ಸೀಲಿನ ಪಕ್ಕ ಯಾರೋ ಕಪ್ಪು ಬಣ್ಣದಲ್ಲಿ ಬರೆದಿದ್ದರು: 'ಖೂನಿ'.

ಪ್ರಣೀತಾ ಮೆಟ್ಟಿಲ ಮೇಲೆ ಕೂತಿದ್ದಳು. ಫಾರ್ಮಸಿ ಓದಿದ ಹುಡುಗಿ. ಅಪ್ಪ ಮುಂಡಪ್ಪ ಇಪ್ಪತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತು ಕೂಡಿಸಿದ್ದನ್ನೆಲ್ಲ ಈ ಅಂಗಡಿಗೆ ಸುರಿದಿದ್ದ. ಕೇಸು ನಿಂತರೆ ಲೈಸೆನ್ಸ್ ಹೋಗುತ್ತದೆ. ಲೈಸೆನ್ಸ್ ಹೋದರೆ ಅಂಗಡಿ ಮಾತ್ರವಲ್ಲ, ಅವಳ ಓದೂ ಹೋದಂತೆ. ಠಾಣೆಯ ಸೀನಿಯರ್ ಸಾಹೇಬರು ಬೆಳಗ್ಗೆಯೇ ಸುಲೋಚನಾಗೆ ಹೇಳಿದ್ದರು: ಜನ ಕೆರಳಿದ್ದಾರೆ, ನಾಳೆಯೊಳಗೆ ಈ ಹುಡುಗಿಯನ್ನು ಒಳಗೆ ಹಾಕಿ.

"ವನಮಾಲಾ ನಿನ್ನ ಹತ್ರ ಸಕ್ಕರೆ ಮಾತ್ರೆ ತಗೊಂಡಿದ್ರೇನವ್ವ?"

"ಒಮ್ಮೆಯೂ ಇಲ್ಲ ಮೇಡಂ. ನಾನೇ ಹೇಳಿದ್ದೆ, ನಿಮ್ಮ ಹಸಿರು ಮಾತ್ರೆಯೊಳಗಿರುವ ಮದ್ದೇ ಇದರಲ್ಲೂ ಉಂಟು, ಹೆಸರು ಬಣ್ಣ ಮಾತ್ರ ಬೇರೆ ಅಂತ. 'ಅದು ಬೇಡ ಮಗಾ, ಸಕ್ಕರೆದ್ದು ಕೌಶಲ್ ಧರ್ಮಕ್ಕೆ ತಂದು ಕೊಡ್ತಾನೆ' ಅಂದಿದ್ದರು. ಧರ್ಮಕ್ಕೆ ಸಿಗುವಾಗ ಯಾರು ದುಡ್ಡು ಕೊಡ್ತಾರೆ?"

ಸುಲೋಚನಾ ಮೊಬೈಲಿನಲ್ಲಿ ಪಟ್ಟಿಯ ಫೋಟೋ ತೋರಿಸಿದಳು. ಪ್ರಣೀತಾ ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು.

"ಇದು ನನ್ನ ಅಂಗಡಿದಲ್ಲ. ಬೆಲೆ ನೋಡಿ. ತೊಂಬತ್ತೆಂಟು ರೂಪಾಯಿ ಮುದ್ರಿಸಿದ್ದಾರೆ. ನನ್ನಲ್ಲಿ ಬರುವ ಪಟ್ಟಿಯ ಮೇಲೆ ಮುದ್ರಿಸಿದ ಬೆಲೆಯೇ ಎಂಟು ರೂಪಾಯಿ. ಕಂಪನಿಯೇ ಬೇರೆ."

"ಹೊರಗಿಂದ ತಂದು ಮಾರಿದ್ದಿ ಅಂತಾರ," ಸುನಿಲ ಹೇಳಿದ.

"ಎಂಟು ರೂಪಾಯಿಯದ್ದು ನನ್ನಲ್ಲೇ ಇರುವಾಗ ಅದನ್ಯಾಕೆ ಮಾರಲಿ?" ಪ್ರಣೀತಾ ಮೊಬೈಲನ್ನು ವಾಪಸು ಕೊಟ್ಟಳು. "ನಂಬುದಾದರೆ ನಂಬಿ. ಇಲ್ಲದಿದ್ದರೆ ಕರಕೊಂಡು ಹೋಗಿ. ಇಲ್ಲಿ ಕೂತು ಎಲ್ಲರ ಮುಖ ನೋಡುದಕ್ಕಿಂತ ಅದೇ ವಾಸಿ."

ಸುಲೋಚನಾ ಅವಳ ಪಕ್ಕ ಮೆಟ್ಟಿಲ ಮೇಲೆಯೇ ಕೂತಳು. "ಕೊನೀ ಸಲ ಅವರನ್ನ ಯಾವಾಗ ನೋಡಿದಿ?"

"ಶುಕ್ರವಾರ. ಏನೂ ಕೊಳ್ಳಲಿಕ್ಕೆ ಬಂದದ್ದಲ್ಲ. ಒಂದು ಮಾತ್ರೆ ಪಟ್ಟಿ ತಂದಿದ್ದರು. ಫಿಟ್ಸ್ ಬರುವವರಿಗೆ ಕೊಡುವ ಮಾತ್ರೆ, ದೊಡ್ಡ ಕಂಪನಿದು. 'ಇದರಲ್ಲಿ ತಾರೀಖು ಯಾಕಿಲ್ಲ ಮಗಾ?' ಅಂತ ಕೇಳಿದರು. ತಾರೀಖು ಇರುವ ತುದಿಯನ್ನು ಕತ್ತರಿಸಿ ತೆಗೆದಿದ್ದರು. ನಾವು ಬಿಡಿ ಮಾರುವಾಗ ಆ ತುದಿ ಅಂಗಡಿಯಲ್ಲಿಟ್ಟುಕೊಳ್ತೇವೆ, ಅದು ಸರಿ. ಆದರೆ ಅವರು ತಂದದ್ದು ಹೆಚ್ಚುಕಡಿಮೆ ಪೂರಾ ಪಟ್ಟಿ. ಪೂರಾ ಪಟ್ಟಿ ಕೊಡುವವ ತುದಿ ಯಾಕೆ ಕತ್ತರಿಸ್ತಾನೆ? ಅವಧಿ ಮುಗಿದ ಮಾಲು ಇರಬಹುದು ಅಂದೆ."

"ಆಮೇಲೆ?"

"ಸ್ವಲ್ಪ ಹೊತ್ತು ಇದೇ ಮೆಟ್ಟಿಲ ಮೇಲೆ ಕೂತಿದ್ದರು. ಮತ್ತೆ ಎದ್ದು ಹೋದರು."

* * *

ಎದುರು ಬದಿಗೆ ದೊಡ್ಡ ಮೆಡಿಕಲ್. ಗಾಜಿನ ಬಾಗಿಲು, ಎಸಿ. ಮಾಲೀಕ ಅಕ್ಷಿತ್. ಪ್ರಣೀತಾ ಅಂಗಡಿ ತೆರೆದಂದಿನಿಂದ ಇವನ ಗಿರಾಕಿಗಳು ರಸ್ತೆ ದಾಟತೊಡಗಿದ್ದರು. ಒಮ್ಮೆ ರಸ್ತೆಯಲ್ಲಿ ನಿಂತು ಅವಳೊಡನೆ ಜಗಳವನ್ನೂ ಆಡಿದ್ದ. ಅವನ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಕಪ್ಪು ಬಣ್ಣ ಇನ್ನೂ ಇತ್ತು.

"ಶಟರಿನ ಮೇಲೆ ಬರೆದವರು ನೀವೇ," ಸುಲೋಚನಾ ಹೇಳಿದಳು.

ಅಕ್ಷಿತ್ ಉಗುರು ನೋಡಿಕೊಂಡ. "ಎಂಥ ಮೇಡಂ, ಬೋರ್ಡಿಗೆ ಪೇಂಟ್ ಮಾಡಿದ್ದು..."

"ನಿಮ್ಮ ಬೋರ್ಡು ಹಸಿರದ ಐತಿ."

ಅವನು ನಾಚಿಕೆಗೆಟ್ಟ ನಗು ನಕ್ಕ. "ಆಯ್ತು, ಬರೆದೆ. ಹೊಟ್ಟೆಕಿಚ್ಚು. ಅದಕ್ಕೆ ಜೈಲುಂಟಾ? ಹಾಗಂತ ಆ ಅಮ್ಮನಿಗೆ ನಾನು ಮದ್ದು ಹಾಕಿದ್ದಲ್ಲ ಮಾರಾಯ್ರೆ. ಶನಿವಾರವಿಡೀ ಪನ್ವೇಲಿನಲ್ಲಿ ಭಾವನ ಮನೆಯ ಗೃಹಪ್ರವೇಶ. ನಾನೂರು ಜನ ನೋಡಿದ್ದಾರೆ, ಅದರಲ್ಲಿ ಮುನ್ನೂರು ಜನ ನನ್ನ ಹತ್ತಿರ ಪುಕ್ಕಟೆ ಮದ್ದು ಕೇಳಿದ್ದಾರೆ."

ಸುಲೋಚನಾ ಫೋಟೋ ತೋರಿಸಿದಳು. "ಈ ಪಟ್ಟಿ ನಿಮ್ಮಲ್ಲಿ ಸಿಗ್ತದೇನು?"

"ಉಂಟು. ಇದು ಎಲ್ಲ ಮೆಡಿಕಲ್‌ನಲ್ಲಿಯೂ ಉಂಟು."

"ಎಷ್ಟಕ್ಕೆ ಮಾರ್ತೀರಿ?"

"ಮೇಲೆ ಬರೆದಿದೆಯಲ್ಲ, ತೊಂಬತ್ತೆಂಟು. ಗುರ್ತದವರಾದರೆ ತೊಂಬತ್ತು. ತುಂಬಾ ಗಲಾಟೆ ಮಾಡಿದರೆ ಎಂಬತ್ತು."

"ನಿಮಗೆಷ್ಟಕ್ಕೆ ಬೀಳ್ತದ?"

ಅಕ್ಷಿತ್ ಅತ್ತಿತ್ತ ನೋಡಿದ. ಕೌಂಟರಿನ ಮೇಲೆ ಬಗ್ಗಿದ. "ಹೊರಗೆ ಹೇಳಬೇಡಿ. ಇದೂ ಜನರಿಕ್ಕೇ. ಆದರೆ ಪ್ರಣೀತಾಳ ತರಹದ್ದಲ್ಲ. ಇದರ ಕಂಪನಿಯವರು ಡಾಕ್ಟರುಗಳ ಹಿಂದೆ ತಿರುಗುದಿಲ್ಲ, ನಮ್ಮ ಹಿಂದೆ ತಿರುಗ್ತಾರೆ. ಮೇಲೆ ದೊಡ್ಡ ಬೆಲೆ ಹೊಡೀತಾರೆ, ನಮಗೆ ಪುಡಿಕಾಸಿಗೆ ಕೊಡ್ತಾರೆ. ನಡುವಿನದು ನಮಗೆ. ಇದು ಉಲ್ಹಾಸನಗರದ ಹೋಲ್‌ಸೇಲಿನಲ್ಲಿ ನಮಗೆ ಬೀಳುದು ಹನ್ನೆರಡು ರೂಪಾಯಿ."

"ಗಿರಾಕಿಗೆ ಯಾರಾದ್ರೂ ಹನ್ನೆರಡಕ್ಕೆ ಕೊಡ್ತಾರೇನು?"

"ನನ್ನ ಅಪ್ಪ ಬಂದು ಕೇಳಿದರೂ ಕೊಡುದಿಲ್ಲ."

ಸುಲೋಚನಾ ಹೊರಗೆ ಬಂದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಸೀಲು ಬಿದ್ದ ಶಟರನ್ನು ನೋಡುತ್ತ ನಿಂತಳು.

"ಸುನಿಲ. ನೀ ಮೆಡಿಕಲ್‌ಗೆ ಹೋಗಿ ಈ ಪಟ್ಟಿ ತಗೊಂಡ್ರ ಎಷ್ಟು ಕೊಡ್ತಿ?"

"ಪೊಲೀಸರು ರೊಕ್ಕ ಕೊಡ್ತಾರೇನ್ರಿ ಮ್ಯಾಡಂ?"

"ಹೇಳು."

"ತೊಂಬತ್ತು."

"ಪ್ರಣೀತಾಳ ಅಂಗಡಿದು ತಗೊಂಡ್ರ?"

"ಎಂಟು."

"ಹನ್ನೆರಡು ಯಾರಿಗೆ ಗೊತ್ತು?"

ಸುನಿಲನ ನಗು ನಿಂತಿತು.

* * *

ವನಮಾಲಾ ಅವರ ಮನೆಯಲ್ಲಿ ಸುಗುಣಾ ದೇವರ ಮೂಲೆಗೆ ದೀಪ ಹಚ್ಚುತ್ತಿದ್ದಳು. ಪೋಸ್ಟ್‌ಮಾರ್ಟಂ ಮುಗಿದು ಭಾನುವಾರ ರಾತ್ರಿಯೇ ದಹನವಾಗಿತ್ತು; ಕೌಶಲ್ ಬೂದಿ ತರಲು ಸ್ಮಶಾನಕ್ಕೆ ಹೋಗಿದ್ದ. ಭೀಮಮ್ಮ ನೆಲಕ್ಕೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಶನಿವಾರ ರಾತ್ರಿ ಏನು ತಿಂದಿದ್ರು?" ಸುಲೋಚನಾ ಕೇಳಿದಳು.

"ಎಂಥದೂ ಇಲ್ಲ," ಸುಗುಣಾ ಹೇಳಿದಳು. "ಶನಿವಾರ ಅವಳಿಗೆ ಒಪ್ಪತ್ತಲ್ಲವಾ? ಮಧ್ಯಾಹ್ನ ಒಂದೇ ಊಟ. ಸಂಜೆ ನಾವು ಒಟ್ಟಿಗೆ ಶನಿಪೂಜೆಗೆ ಹೋದದ್ದು. ಪ್ರಸಾದ ಕೂಡಾ ಸೆರಗಿನಲ್ಲಿ ಕಟ್ಟಿಕೊಂಡಳು, ಬೆಳಿಗ್ಗೆ ತಿನ್ನುತ್ತೇನೆ ಅಂತ."

"ಸಕ್ಕರೆ ಮಾತ್ರೆ?"

"ಒಪ್ಪತ್ತಿನ ರಾತ್ರಿ ತಗೊಳ್ಳುದೇ ಇಲ್ಲ. ಡಾಕ್ಟರೇ ಹೇಳಿದ್ದು, ಊಟ ಇಲ್ಲದಿದ್ದರೆ ಮಾತ್ರೆಯೂ ಬೇಡ ಅಂತ. ಹಸಿರು ಮಾತ್ರೆಯನ್ನು ಶನಿವಾರ ಮುಟ್ಟುತ್ತಿರಲಿಲ್ಲ."

"ಮಾತ್ರೆ ಹೆಸರು ಓದಲಿಕ್ಕೆ ಬರ್ತಿತ್ತೇನು?"

"ಹೆಸರು ಯಾರಿಗೆ ಬೇಕು ಮೇಡಂ? ಇಂಗ್ಲಿಷು, ಇರುವೆಯಷ್ಟು ಸಣ್ಣ. ಹಸಿರು ಅಂದರೆ ಸಕ್ಕರೆ, ಹಳದಿ ಅಂದರೆ ಬಿಪಿ. ನಾನೂ ಹಾಗೆಯೇ." ಅವಳು ನಿಟ್ಟುಸಿರು ಬಿಟ್ಟಳು. "ಪೂಜೆಯಲ್ಲಿ ಮೊಣಗಂಟು ಹಿಡಿದುಕೊಂಡು ಕೂತಿದ್ದಳು, ಪಾಪ. 'ಕೌಶಲ್ ಹೊಸ ನೋವಿನ ಮಾತ್ರೆ ತಂದಿದ್ದಾನೆ, ಡಾಕ್ಟರ್ ಚೀಟಿ ಬೇಡದ್ದು, ಮಲಗುವಾಗ ನುಂಗಿದರೆ ನಾಳೆ ಓಡಾಡಬಹುದಂತೆ' ಅಂದಳು. ಅವತ್ತು ಅವಳ ಮುಖದಲ್ಲಿ ಕಳೆಯೂ ಇತ್ತು. 'ಹುಡುಗ ಒಪ್ಪಿಕೊಂಡ ಸುಗುಣಾ, ಕಾಲಿಗೆ ಬಿದ್ದು ಅತ್ತ, ಸೋಮವಾರ ತಾನೇ ಹೋಗ್ತಾನಂತೆ' ಅಂದಳು. ಮದುವೆ ಮಾತು ಅಂತ ನಾನು ತಿಳಿದುಕೊಂಡೆ."

ಸುಲೋಚನಾ ಮನೆಯೆಲ್ಲ ಹುಡುಕಿದಳು. ಮಾತ್ರೆ ಡಬ್ಬಿಯಲ್ಲಿ ಹಸಿರಿತ್ತು, ಹಳದಿಯಿತ್ತು. ನೋವಿನ ಮಾತ್ರೆಯ ಪಟ್ಟಿ, ಪೊಟ್ಟಣ, ಖಾಲಿ ಹಾಳೆ, ಒಂದೂ ಇಲ್ಲ. ಕಸದ ಬುಟ್ಟಿಯಲ್ಲೂ ಇಲ್ಲ.

"ಮ್ಯಾಡಂ." ಭೀಮಮ್ಮ ಮೊದಲ ಸಲ ಬಾಯಿ ಬಿಟ್ಟಳು. "ನಾ ಒಂದು ಕೊಟ್ಟಿದ್ದೆ ವನಮಾಲಾ ಬಾಯಾರಿಗೆ. ನನ್ನ ಗಂಡನ ಗುಳಿಗಿ. ಹೊಳ್ಳಿ ಕೊಡ್ಲಿಲ್ರಿ."

ಚಂದ್ರಾಮ. ಕಲಬುರಗಿ ಕಡೆಯವನು. ಕಲ್ಯಾಣ್-ಶೀಳ್ ರಸ್ತೆಯ ಕಟ್ಟಡವೊಂದರಲ್ಲಿ ಗಾರೆ ಕೆಲಸ. ಮಳೆಗಾಲ ಮುಗಿಯುವ ಹೊತ್ತಿಗೆ, ಎತ್ತರದಲ್ಲಿ ಬಿದಿರಿನ ಪರಾಂಚಿಯ ಮೇಲೆ ನಿಂತಿದ್ದಾಗ ಫಿಟ್ಸ್ ಬಂದು ಕೆಳಗೆ ಬಿದ್ದು ಸತ್ತಿದ್ದ.

"ಮೊದಲ ಆ ಪ್ರಣೀತಾ ಹುಡುಗಿ ಅಂಗಡಿದ ತಗೋತಿದ್ದ್ರಿ. ಎರಡು ವರ್ಷ ಒಮ್ಮೀನೂ ಫಿಟ್ಸ್ ಬಂದಿದ್ದಿಲ್ಲ. ಸೈಟಿನ್ಯಾಗ ಯಾರೋ ಅಂದ್ರು, ಅಗ್ಗದ ಗುಳಿಗ್ಯಾಗ ಸುಣ್ಣ ಇರ್ತದ ಅಂತ. ಬೈಕ್ ಮ್ಯಾಲ ಒಬ್ಬಾಂವ ಚೀಲ ತಗೊಂಡು ಬರ್ತಿದ್ನಂತ. ಕಂಪನಿ ಮಾಲು, ಅರ್ಧಾ ರೇಟು. 'ಇನ್ನ ಮ್ಯಾಲ ಕಂಪನಿದ ತಿಂತೀನಿ ಭೀಮಿ, ದೊಡ್ಡ ಮಂದಿ ಗುಳಿಗಿ' ಅಂತ ನಕ್ಕ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ತಿಂಗಳದಾಗ ಹ್ವಾದ್ರಿ. ದಿನಾ ನನ್ನ ಮುಂದಽ ನುಂಗ್ತಿದ್ದ. ಮತ್ತ ಯಾಕ ಬಂತು ಅಂತ ಬಾಯಾರಿಗೆ ಕೇಳಿದೆ. ಉಳದಿದ್ದ ಗುಳಿಗಿ ತೋರಿಸಿದೆ. ಬಾಯಾರು ಅದನ್ನ ಕೈಯಾಗ ಹಿಡಕೊಂಡು ನಿಂತೇ ಬಿಟ್ರು."

"ಅವಳು ಬೇಸರದ್ದನ್ನೆಲ್ಲ ಶನಿದೇವರ ಪಟದ ಹಿಂದೆ ಇಡುದು," ಸುಗುಣಾ ಮೆಲ್ಲಗೆ ಹೇಳಿದಳು.

ಪಟದ ಹಿಂದೆ ಒಂದು ಕರವಸ್ತ್ರದ ಗಂಟು. ಸುಲೋಚನಾ ಬಿಚ್ಚಿದಳು. ಚಂದ್ರಾಮನ ಮಾತ್ರೆ ಪಟ್ಟಿ, ತುದಿ ಕತ್ತರಿಸಿದ್ದು. ಜೊತೆಗೆ ಒಂದು ಹಿಡಿ ಬೆಳ್ಳಿ ಬಣ್ಣದ ಚೂರುಗಳು. ಒಂದೊಂದರಲ್ಲೂ ಬ್ಯಾಚು, ಬೆಲೆ, ಮುಗಿದ ತಾರೀಖು. ಒಂದು ಚೂರನ್ನು ವನಮಾಲಾ ಆ ಪಟ್ಟಿಯ ತುದಿಗೆ ಹೊಂದಿಸಿ ಹಿಂದಿನಿಂದ ಅಂಟುಪಟ್ಟಿ ಹಚ್ಚಿದ್ದರು. ಕತ್ತರಿಯ ವಂಕಿ ವಂಕಿಗೆ ಸರಿಯಾಗಿ ಕೂತಿತ್ತು.

"ಈ ಚೂರು ಎಲ್ಲಿಂದ ಬಂದವು?"

"ಗ್ಯಾಲರಿ ಕಸಾ ನಾನಽ ಹೊಡೀತೀನ್ರಿ," ಭೀಮಮ್ಮ ಹೇಳಿದಳು. "ಕೌಶಲ್ ಅಣ್ಣಾರ ಚೀಲದ ಬುಡಕ ಇಂಥಾವು ಭಾಳ ಬಿದ್ದಿರ್ತಾವ್ರಿ."

ಹೇಳಿ ಮುಗಿಸಿದ ಮೇಲೆ ಅವಳಿಗೆ ಅರ್ಥವಾಯಿತು. ಎರಡೂ ಅಂಗೈಗಳನ್ನು ನೆಲಕ್ಕೆ ಒತ್ತಿ ಹಾಗೆಯೇ ಕೂತುಬಿಟ್ಟಳು.

* * *

ಉಲ್ಹಾಸನಗರದ ಹೋಲ್‌ಸೇಲ್ ಗಲ್ಲಿಯಲ್ಲಿ ನಾಲ್ಕನೆಯ ಅಂಗಡಿಯವನು ಕೌಶಲನ ಫೋಟೋ ಗುರುತಿಸಿದ. ಪೆಟ್ಟಿಗಟ್ಟಲೆ ಮಾರುವ ಅಂಗಡಿಯಲ್ಲಿ ಒಂದೇ ಒಂದು ಪಟ್ಟಿ ಕೇಳಿದವನನ್ನು ಯಾರು ಮರೆಯುತ್ತಾರೆ? ಗುರುತಿನ ರೆಪ್ರೆಸೆಂಟೇಟಿವ್ ಎಂದು ಹೋಲ್‌ಸೇಲ್ ದರಕ್ಕೇ ಕೊಟ್ಟಿದ್ದ. ಶನಿವಾರ ಬೆಳಗ್ಗೆ.

ಶೀಳ್ ರಸ್ತೆಯ ಸೈಟಿನಲ್ಲಿ ಮೂವರು ಗಾರೆಯವರು ಅದೇ ಫೋಟೋ ನೋಡಿ ಒಂದೇ ಮಾತು ಹೇಳಿದರು. "ಗುಳಿಗಿ ಸಾಹೇಬ್ರು."

* * *

ಮಂಗಳವಾರ ಬೆಳಗ್ಗೆ ಠಾಣೆಯಲ್ಲಿ ಕೌಶಲ್ ಸುಲೋಚನಾಳ ಎದುರು ಕೂತಿದ್ದ. ಪ್ರಣೀತಾಳನ್ನೂ ಕರೆಸಿದ್ದರು, ಅವಳು ಗೋಡೆಗೆ ಒರಗಿ ನಿಂತಿದ್ದಳು. ಅರೆಸ್ಟ್ ಕಾಗದ ಮೇಜಿನ ಮೇಲಿತ್ತು, ಹೆಸರಿನ ಜಾಗ ಖಾಲಿ.

"ಇನ್ನೊಮ್ಮೆ ಹೇಳ್ರಿ. ಪಟ್ಟಿ ಎಷ್ಟಕ್ಕೆ ಸಿಕ್ಕಿತು ಅಂದ್ರು ನಿಮ್ಮ ಮಾಮಿ?"

"ಹನ್ನೆರಡು."

"ಎಲ್ಲಿ?"

"ಇವಳ ಅಂಗಡಿಯಲ್ಲಿ."

"ಇವಳ ಅಂಗಡಿಯಲ್ಲಿ ಅದು ಎಂಟು."

ಕೌಶಲ್ ಕಣ್ಣು ಮಿಟುಕಿಸಿದ. "ಎಂಟೋ ಹನ್ನೆರಡೋ. ಸಸ್ತಾ ಅಂದೆ, ಅಷ್ಟೇ."

"ನಿಮ್ಮ ಮಾಮಿಯ ಸ್ಟೂಲ್ ಮ್ಯಾಲಿದ್ದ ಪಟ್ಟಿಯ ಮೇಲೆ ತೊಂಬತ್ತೆಂಟು ಐತಿ. ಮೆಡಿಕಲ್‌ನಲ್ಲಿ ತಗೊಂಡ್ರ ತೊಂಬತ್ತು ಅಂತಿದ್ರು. ಇಲ್ಲಿ ತಗೊಂಡ್ರ ಎಂಟು ಅಂತಿದ್ರು. ಹನ್ನೆರಡು ಅನ್ನೋ ರೇಟು ಗಿರಾಕಿಗೆ ಇಲ್ಲವೇ ಇಲ್ಲ. ಅದು ಉಲ್ಹಾಸನಗರದ ಗಲ್ಲಿ ರೇಟು. ಹನ್ನೆರಡು ಕೊಟ್ಟು ತಂದವರು ನೀವು."

"ರೇಟ್ ನನಗೆ ಗೊತ್ತಿರ್ತದೆ ಮ್ಯಾಡಂ. ನನ್ನ ಲೈನ್ ಅದು."

"ಶುಕ್ರವಾರ ಮಾಮಿ ನಿಮಗೆ ನಗಾಡಿದ್ರು ಅಂದ್ರಿ. ಪಟ್ಟಿ ಗಲ್ಲಿ ಬಿಟ್ಟದ್ದು ಶನಿವಾರ ಬೆಳಿಗ್ಗೆ. ಕೊಟ್ಟವ ಹೊರಗೆ ಕೂತಾನ, ಕರೀಲೇನು?"

ಕೌಶಲ್ ಬಾಗಿಲ ಕಡೆ ನೋಡಿದ. ಸುಲೋಚನಾ ಕರವಸ್ತ್ರ ಬಿಚ್ಚಿ ಮೇಜಿನ ಮೇಲೆ ಹರಡಿದಳು. ಅವನ ಮುಖದಿಂದ ಬಣ್ಣ ಇಳಿಯಿತು.

"ಮೆಡಿಕಲ್‌ನವರು ಅವಧಿ ಮುಗಿದ ಮಾಲು ಕಂಪನಿಗೆ ಹೊಳ್ಳಿ ಕಳಸ್ತಾರ. ಅದು ನಿಮ್ಮ ಕೈಯಿಂದ ಹೋಗಬೇಕು, ಸುಟ್ಟು ಹಾಕಲಿಕ್ಕೆ. ನೀವು ತಾರೀಖು ಕತ್ತರಿಸಿ ಸೈಟಿನವರಿಗೆ ಅರ್ಧಾ ರೇಟಿಗೆ ಮಾರಿದ್ರಿ. ಒಬ್ಬ ಬಿದ್ದು ಸತ್ತ. ಅವನ ಹೆಂಡತಿ ನಿಮ್ಮ ಮನೀ ಪಾತ್ರೆ ತಿಕ್ಕತಾಳ. ನಿಮ್ಮ ಮಾಮಿ ತುಂಡಿಗೆ ತುಂಡು ಜೋಡಿಸಿದ್ರು. ಸೋಮವಾರದೊಳಗೆ ನೀನೇ ಹೋಗಿ ಹೇಳು ಅಂದ್ರು. ಪೊಲೀಸು, ನೌಕರಿ, ಖಾರಘರದ ಮದುವಿ, ಎಲ್ಲಾ ನಿಮ್ಮ ಕಣ್ಣಮುಂದ ಬಂತು. ಕಾಲಿಗೆ ಬಿದ್ದು ಹೂಂ ಅಂದ್ರಿ."

ಸುಲೋಚನಾ ಮುಂದುವರಿಸಿದಳು. "ಅಷ್ಟರಲ್ಲಿ ಶನಿವಾರ ಬಂತು. ಊಟ ಇಲ್ಲದ ರಾತ್ರಿ. ಹಸಿರು ಕೊಟ್ರ ಅವರು ಗುರುತು ಹಿಡೀತಾರ. ಅದೇ ಮದ್ದು ಬಿಳೀ ಬಣ್ಣದಾಗ ತಂದ್ರಿ. ಮೊಣಕಾಲಿನ ನೋವಿಂದು, ಚೀಟಿ ಬೇಡದ್ದು, ಅಂತ ಕೈಗೆ ಹಾಕಿದ್ರಿ. ಒಂದಲ್ಲ, ಕೆಲವು. ಉಳಿದದ್ದನ್ನ ಇವಳ ಅಂಗಡಿಯ ಹಳೇ ಲಕೋಟೆ ಮ್ಯಾಲಿಟ್ಟು ಬೆಳಿಗ್ಗೆ ಎದ್ದು ಹೋದ್ರಿ. ನಮ್ಮವರು ಹೆಸರು ನೋಡದೆ ಎರಡೆರಡು ತಿಂತಾರ, ಡಾಕ್ಟರಿಗೂ ಗೊತ್ತೈತಿ. ಅಗ್ಗದ ಮಾತ್ರೆ ಅಂದ್ರ ಎಲ್ಲಾರೂ ನಂಬ್ತಾರ. ನೀವು ತಪ್ಪಿದ್ದು ಒಂದೇ ಕಡೆ. ಎಲ್ಲಾ ಅಗ್ಗದ ಮಾತ್ರೆ ಒಂದೇ ಅಂದುಕೊಂಡ್ರಿ. ಎಂಟಕ್ಕೂ ಹನ್ನೆರಡಕ್ಕೂ ಫರಕು ನಿಮ್ಮ ಕಣ್ಣಿಗೆ ಬೀಳಲಿಲ್ಲ."

ಕೌಶಲ್ ಮೇಜು ನೋಡುತ್ತ ಹೇಳಿದ.

"ಇದೇನು ಮಾತ್ರೆ ಅಂತ ಕೇಳಲೂ ಇಲ್ಲ ಅವರು. ಕೈ ಚಾಚಿದರು. ಕೊಟ್ಟೆ. 'ನೀನೂ ಮಲಗು ಮಗಾ' ಅಂದರು."

ಸುಲೋಚನಾ ಅರೆಸ್ಟ್ ಕಾಗದ ಎಳೆದುಕೊಂಡು ಹೆಸರು ಬರೆದಳು. ಪ್ರಣೀತಾ ಗೋಡೆಯ ಕಡೆ ಮುಖ ತಿರುಗಿಸಿದಳು.

* * *

ಸೀಲು ಬಿಚ್ಚುವ ಆದೇಶ ವಾರ ಕಳೆದು ಬಂತು. ಸುಲೋಚನಾ ತಾನೇ ಜೊತೆಗೆ ಹೋದಳು. ಅಕ್ಷಿತ್ ಸೀಮೆಎಣ್ಣೆ ಬಟ್ಟೆ ಹಿಡಿದು ಶಟರಿನ ಮೇಲಿನ ಅಕ್ಷರ ಉಜ್ಜುತ್ತಿದ್ದ. ಅದು ಪೊಲೀಸರ ಆಜ್ಞೆ. ಅಕ್ಷರ ಪೂರ್ತಿ ಹೋಗಲಿಲ್ಲ.

ಸುಗುಣಾ ರಸ್ತೆಯಲ್ಲಿ ಬಂದಳು. ನಿಂತಳು. ಪ್ರಣೀತಾಳ ಕೈ ಹಿಡಿದಳು. "ನಿಂದು ಎಂಥದೂ ತಪ್ಪಿಲ್ಲ ಅಂತ ಗೊತ್ತುಂಟು ಮಗಾ. ಆದರೂ ಎಂಥದೋ ಒಂದು ಹೆದರಿಕೆ." ಕೈ ಬಿಟ್ಟು, ರಸ್ತೆ ದಾಟಿ, ಗಾಜಿನ ಬಾಗಿಲು ತಳ್ಳಿ ಒಳಗೆ ಹೋದಳು.

ಅವಳ ಹಿಂದೆ ಸೊಸೈಟಿಯ ಇನ್ನಿಬ್ಬರು. ಈ ಕಡೆ ನೋಡಲಿಲ್ಲ.

ಪ್ರಣೀತಾ ಒಳಗಿನ ಧೂಳು ಒರೆಸತೊಡಗಿದಳು.

ಮೆಟ್ಟಿಲ ಬಳಿ ಭೀಮಮ್ಮ ನಿಂತಿದ್ದಳು. ಅವಳ ಹಿಂದೆ ಗುಡಿಸಲು ಬಸ್ತಿಯ ನಾಲ್ಕಾರು ಹೆಂಗಸರು, ಒಬ್ಬಳ ಹೆಗಲ ಮೇಲೆ ಜ್ವರದ ಕೂಸು.

"ಮ್ಯಾಡಂ, ನನ್ನ ಗಂಡಂದು ಕೇಸ್ ನಿಲ್ತದೇನ್ರಿ?"

ಸುಲೋಚನಾ ಸುಳ್ಳು ಹೇಳಲಾರದೆ ಹೋದಳು. "ಬರೆದೀನಿ ಭೀಮಮ್ಮ. ಮಾಲು ಮಾರಿದ್ದು ನಿಲ್ತದ. ಸಾವು ಅದರಿಂದಲೇ ಆತು ಅಂತ ತೋರಿಸಲಿಕ್ಕೆ ಹೆಣ ಇಲ್ಲ. ಸುಟ್ಟೀರಿ."

ಭೀಮಮ್ಮ ತಲೆಯಾಡಿಸಿದಳು. ಇಂಥ ಉತ್ತರ ಅವಳಿಗೆ ಹೊಸದಲ್ಲ.

"ಆ ಮಂದಿ ಎಲ್ಲಾ ಅಲ್ಲಿಗೆ ಹೊಂಟಾರ," ಸುನಿಲ ಗಾಜಿನ ಬಾಗಿಲಿನ ಕಡೆ ಗದ್ದ ತಿರುಗಿಸಿದ. "ನಿಮಗ ಅಂಜಿಕಿ ಇಲ್ಲೇನಬೇ?"

"ಅಂಜ್ಲಿಕ್ಕ ರೊಕ್ಕ ಬೇಕಲ್ರೀ ಅಣ್ಣಾ." ಭೀಮಮ್ಮ ಮೆಟ್ಟಿಲು ಹತ್ತಿದಳು.

ಒಳಗೆ ಪ್ರಣೀತಾ ಒರೆಸುವ ಬಟ್ಟೆ ಕೆಳಗಿಟ್ಟಳು. ಕೈ ತೊಳೆದುಕೊಂಡಳು. ಕೂಸಿನ ಹಣೆ ಮುಟ್ಟಿ ನೋಡಿದಳು.

"ಇವನದ್ದು ಮೊದಲು," ಎಂದಳು.